ಶೀಟುರಾಯರು ಮೇಕೆ ಆರಿಸಿದ್ದು

ಅಮೆರಿಕದ ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ನಡುವೆ ಶೀಟುರಾಯರನ್ನು ಪತ್ತೆಹಚ್ಚುವುದು ಕಷ್ಟವಲ್ಲ. "ಊಟ ಆಯ್ತಾ ರಾಯರೇ?" ಎಂದು ಕೇಳಿ ನೋಡಿ. ಆಯ್ತು ಅಥವಾ ಇಲ್ಲ ಎಂದವರು ನಮ್ಮ ನಿಮ್ಮಂಥವರು. "ಊಟ ಅಂತ ನೀವು ಯಾವುದನ್ನ ಹಿಡೀತೀರಿ ಅನ್ನೋದರ ಮೇಲಿದೆ" ಎಂದವರೇ ಶೀಟುರಾಯರು.

ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಕೊತ್ತಂಬರಿ ಸೊಪ್ಪು ಕೊಳ್ಳುವುದಕ್ಕೂ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ತೆರೆಯುವ ಅಭ್ಯಾಸ ಕಂಡು ಗೆಳೆಯರ ಬಳಗ ಈ ಬಿರುದು ದಯಪಾಲಿಸಿದೆ. ಅಡ್ಡಸಾಲಿನಲ್ಲಿ ವಸ್ತುಗಳು, ಉದ್ದಸಾಲಿನಲ್ಲಿ ಗುಣಗಳು, ಪ್ರತಿ ಗುಣಕ್ಕೂ ಅಂಕ, ಪ್ರತಿ ಅಂಕಕ್ಕೂ ತೂಕ. ಕೊನೆಯ ಚೌಕದಲ್ಲಿ ಹಸಿರು ಬಣ್ಣದಲ್ಲಿ ಸತ್ಯ ತಾನಾಗಿ ಹೊಳೆಯಬೇಕು ಎಂಬುದು ಅವರ ಸಿದ್ಧಾಂತ. ಒಮ್ಮೆ ತಾಯಿ ಊರಿನಿಂದ ಬರುತ್ತಾರೆಂದು ದೋಸೆಹಿಟ್ಟಿಗೆ ಗ್ರೈಂಡರ್ ಕೊಳ್ಳಲು ಹೊರಟರು. ಕಲ್ಲಿನ ಆಕಾರ, ಮೋಟಾರಿನ ಸದ್ದು, ಕೆಟ್ಟರೆ ರಿಪೇರಿಗೆ ಯಾರು ಎಂಬುದೆಲ್ಲ ತೀರ್ಮಾನವಾಗುವ ಹೊತ್ತಿಗೆ ತಾಯಿಯ ಆರು ತಿಂಗಳ ವೀಸಾ ಮುಗಿದು ಅವರು ವಿಮಾನ ಹತ್ತಿದ್ದರು. ಅಷ್ಟೂ ದಿನ ಹಿಟ್ಟು ಮಿಕ್ಸಿಯಲ್ಲೇ ರುಬ್ಬಿ, ಹೊರಡುವಾಗ ಆಕೆ ಮಿಕ್ಸಿಗೆ ಕೈಮುಗಿದರಂತೆ.

ಇಂಥವರ ಮನೆಯೊಳಗೆ ಮೇಕೆ ಹೊಕ್ಕ ಕಥೆ ಇದು.

ಮಕ್ಕಳಿಗೆ ನಾಯಿ ಬೇಕಿತ್ತು. ನಾಯಿಯ ಶೀಟು ಆಗಲೇ ಐದು ಪುಟ ದಾಟಿತ್ತು. ಮಗ ಹೈಸ್ಕೂಲು ಮುಗಿಸುವುದರೊಳಗೆ ಫಲಿತಾಂಶ ಬರುವ ಲಕ್ಷಣವಿರಲಿಲ್ಲ. ಹೀಗಿರುವಾಗ ಸೆಪ್ಟೆಂಬರಿನಲ್ಲಿ ಪ್ಯೂಯಾಲಪ್‌ನ ರಾಜ್ಯ ಜಾತ್ರೆಗೆ ಹೋದರು. ಅಲ್ಲಿ ಮೊಣಕಾಲೆತ್ತರದ ಮೇಕೆಯೊಂದು ರಾಯರ ಜಾಕೆಟ್ಟಿನ ದಾರವನ್ನು ಬಾಯಿಗಿಟ್ಟುಕೊಂಡು, ಅವರ ಮುಖವನ್ನೇ ನೋಡುತ್ತ, ನಿಧಾನವಾಗಿ ನುಂಗತೊಡಗಿತು. ಮಗಳು "ಇದೇ ಬೇಕು" ಎಂದಳು. ಶ್ರೀಮತಿ "ನಾಯಿಗಿಂತ ವಾಸಿ, ಹಾಲಾದರೂ ಕೊಡುತ್ತೆ" ಎಂದರು. ರಾಯರ ಕಣ್ಣು ಬೆಳಗಿತು. ಅವರ ಬಳಿ ಮೇಕೆಯ ಶೀಟು ಇರಲಿಲ್ಲ!

ಮೊದಲು ಕಾನೂನು. ಸಿಯಾಟಲ್ ನಗರದೊಳಗೆ ಮೇಕೆ ಸಾಕುವುದಕ್ಕೆ ಹಿಂದೆ ಅವಕಾಶವಿರಲಿಲ್ಲ. ಜೆನ್ನಿ ಗ್ರಾಂಟ್ ಎಂಬ ಮಹಿಳೆ 'ಗೋಟ್ ಜಸ್ಟಿಸ್ ಲೀಗ್' ಅನ್ನುವ ಸಂಘ ಕಟ್ಟಿ ಹೋರಾಡಿದ ಫಲವಾಗಿ 2007ರಲ್ಲಿ ನಗರಸಭೆ ಗಿಡ್ಡ ತಳಿಯ ಮೇಕೆಗಳನ್ನು ಸಾಕುಪ್ರಾಣಿಗಳ ಪಟ್ಟಿಗೆ ಸೇರಿಸಿತು. ನಾಯಿ-ಬೆಕ್ಕಿನ ಹಾಗೆ ಲೈಸೆನ್ಸ್ ಮಾಡಿಸಬೇಕು, ಕೊಂಬು ತೆಗೆಸಿರಬೇಕು, ಗಂಡಾದರೆ ಬೀಜ ಒಡೆಸಿರಬೇಕು. ಮೇಕೆಗೂ ಒಂದು ಸಂಘವಿದೆ ಎಂದು ತಿಳಿದಾಗ ರಾಯರಿಗೆ ಬಹಳ ಸಂತೋಷವಾಯಿತು. ಆ ಸಂಘ ಎರಡು ಹೋಳಾಗಿಲ್ಲವೇ ಎಂದು ಕನ್ನಡ ಸಂಘದ ಮಾಜಿ ಖಜಾಂಚಿಯ ಕಾಳಜಿಯಿಂದ ವಿಚಾರಿಸಿದರು.

ಆಮೇಲೆ ತಳಿ. ಶೀಟಿನ ಮೊದಲ ಸಾಲಿನಲ್ಲಿ ಪಿಗ್ಮಿ ಕುಳಿತಿತು. ಮೂಲ ಪಶ್ಚಿಮ ಆಫ್ರಿಕ. ಗಿಡ್ಡ ಕಾಲು, ದುಂಡು ಹೊಟ್ಟೆ, ಮಾಂಸದ ತಳಿಯ ಗಟ್ಟಿ ಮೈಕಟ್ಟು. ಹಾಲು ರುಚಿಯೇ, ಆದರೆ ತೊಟ್ಟು ಚಿಕ್ಕದು, ಕರೆಯುವವರ ಬೆರಳಿಗೆ ಸಿಗದು. "ಮೈಕಟ್ಟು" ಕಾಲಮ್ಮಿನಲ್ಲಿ ರಾಯರು "ಕೂತು ಕೆಲಸ ಮಾಡುವವರದು" ಎಂದು ಬರೆದರು. ಶ್ರೀಮತಿ ಇಣುಕಿ ನೋಡಿ, "ಅಂಥದ್ದು ಮನೇಲಿ ಒಂದಿದೆ, ಮುಂದಿನದು ಹೇಳಿ" ಎಂದರು.

ಮುಂದಿನದು ನೈಜೀರಿಯನ್ ಡ್ವಾರ್ಫ್. ಇದೂ ಪಶ್ಚಿಮ ಆಫ್ರಿಕದ್ದೇ, ಆದರೆ ಮೈಕಟ್ಟು ಹಾಲಿನ ತಳಿಯದು. ಎತ್ತರ ಎರಡು ಅಡಿಯೊಳಗೆ, ತೂಕ ಸುಮಾರು 34 ಕಿಲೋ. ಅಮೆರಿಕದ ಡೇರಿ ಮೇಕೆ ಸಂಘ 2005ರಲ್ಲಿ ಇದನ್ನು ಹಾಲಿನ ತಳಿಯೆಂದು ಒಪ್ಪಿಕೊಂಡಿದೆ. ಚೆನ್ನಾಗಿ ಕರೆಯುವ ಕಾಲದಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್. ಕೊಬ್ಬು ನೂರಕ್ಕೆ ಆರು, ಕೆಲವೊಮ್ಮೆ ಇನ್ನೂ ಹೆಚ್ಚು. "ಎಮ್ಮೆ ಹಾಲಿನ ಹತ್ತಿರ ಹತ್ತಿರ! ಫಿಲ್ಟರ್ ಕಾಫಿಗೆ ಇನ್ನೇನು ಬೇಕು?" ಎಂದು ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ಈ ತಳಿಯಲ್ಲಿ ನೀಲಿ ಕಣ್ಣಿನವೂ ಇರುತ್ತವೆ ಎಂದು ತಿಳಿದ ಮಗಳು, ಅಪ್ಪ ಕಾಫಿಗೆ ಹೋದಾಗ "ನೀಲಿ ಕಣ್ಣು" ಎಂಬ ಹೊಸ ಕಾಲಮ್ ಸೇರಿಸಿ ಅದಕ್ಕೆ ನೂರಕ್ಕೆ ತೊಂಬತ್ತು ತೂಕ ಕೊಟ್ಟಳು. ಎರಡು ದಿನ ಶೀಟು ಅವಳ ಮಾತನ್ನೇ ಕೇಳಿತು.

ಮೂರನೆಯದು ಮಿನಿ ನುಬಿಯನ್: ದೊಡ್ಡ ನುಬಿಯನ್ ಹೆಣ್ಣಿಗೆ ನೈಜೀರಿಯನ್ ಡ್ವಾರ್ಫ್ ಹೋತವನ್ನು ಕೂಡಿಸಿ ಬೆಳೆಸಿದ ತಳಿ. ಇಲ್ಲಿ ರಾಯರ ದೇಶಪ್ರೇಮ ಕೆರಳಿತು. ನುಬಿಯನ್ ತಳಿ ಇಂಗ್ಲೆಂಡಿನಲ್ಲಿ ರೂಪುಗೊಂಡಾಗ ಅಲ್ಲಿನ ಮೇಕೆಗಳಿಗೆ ಆಫ್ರಿಕದ ಹೋತಗಳ ಜೊತೆಗೆ ಭಾರತದಿಂದ ಹಡಗಿನಲ್ಲಿ ಬಂದ ಹೋತಗಳನ್ನೂ ಕೂಡಿಸಿದ್ದರು. ಆ ಜೋಲುಗಿವಿ, ಆ ಡೊಂಕು ಮೂಗು ನಮ್ಮ ಜಮುನಾಪಾರಿಯ ನೆನಪು ತರುತ್ತವೆ. "ಅಂದರೆ ಇದು ನಮಗಿಂತ ಮೊದಲೇ ಬಂದು ಪೌರತ್ವ ಪಡೆದ ಭಾರತೀಯ!" ಎಂದು ರಾಯರು ಹೆಮ್ಮೆಪಟ್ಟರು. ಆದರೆ ನುಬಿಯನ್ ವಂಶ ಗಂಟಲಿಗೆ ಹೆಸರುವಾಸಿ. ಹಸಿವಾದರೂ ಕೂಗು, ಹೊಟ್ಟೆ ತುಂಬಿದರೂ ಕೂಗು, ನೀವು ಕಂಡರೂ ಕೂಗು, ಕಾಣದಿದ್ದರೂ ಕೂಗು. ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರದ ಸದ್ದಿಗೇ ಚೀಟಿ ಬರೆದು ಬಾಗಿಲಿಗೆ ಅಂಟಿಸುವವರು. ಭಾರತೀಯ ಮೂಲದ ಅಭ್ಯರ್ಥಿಗೆ ರಾಯರು ಒಲ್ಲದ ಮನಸ್ಸಿನಿಂದ ಅಂಕ ಕಳೆದರು.

ನಾಲ್ಕನೆಯದು ಮಿನಿ ಲಾಮಾಂಚ. ದೊಡ್ಡ ಲಾಮಾಂಚ ತಳಿ ಪಕ್ಕದ ಓರೆಗಾನ್ ರಾಜ್ಯದಲ್ಲಿ ಬೆಳೆದದ್ದು. ಸಾಧು ಸ್ವಭಾವ, ಒಳ್ಳೆಯ ಹಾಲು, ಆದರೆ ಹೊರಗಿವಿ ಇದ್ದೂ ಇಲ್ಲದ ಹಾಗೆ. ಚಿತ್ರ ನೋಡಿದ ತಾಯಿ ವಿಡಿಯೋ ಕಾಲಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕಿವಿನೇ ಇಲ್ಲದ ಮೇಕೆಯನ್ನ ಏನು ಹಿಡಿದು ಎಳೀತೀಯೋ?" ಈ ಕಾಲಮ್ ರಾಯರಿಗೆ ಹೊಳೆದಿರಲೇ ಇಲ್ಲ.

ಐದನೆಯದು ಕಿಂಡರ್, ನುಬಿಯನ್ ಮತ್ತು ಪಿಗ್ಮಿ ಬೆರಕೆ. 1980ರ ದಶಕದಲ್ಲಿ ಇದೇ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ್ದು. ರಾಯರು ಸರೋಜಿನಿ ಮಹಿಷಿ ವರದಿಯನ್ನು ನೆನೆದು ಸ್ಥಳೀಯರಿಗೆಂದು ಐದು ಅಂಕ ಹೆಚ್ಚಿಗೆ ಕೊಟ್ಟರು.

ಅಂಕಪಟ್ಟಿ ಸಿದ್ಧವಾದ ಮೇಲೆ ಒಂದು ಭಾನುವಾರ ಮನೆಯವರನ್ನೆಲ್ಲ ಸೋಫಾದ ಮೇಲೆ ಕೂರಿಸಿ ಟಿವಿಯಲ್ಲಿ ಸ್ಲೈಡ್ ಹಾಕಿದರು. ಮೊದಲ ಸ್ಲೈಡಿನಲ್ಲೇ ಗಾಂಧೀಜಿ. ಹಾಲು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಿದ್ದ ಗಾಂಧೀಜಿ ಕಾಯಿಲೆಯಿಂದ ಮೇಲೇಳಲಾಗದಿದ್ದಾಗ ಅವರನ್ನು ಕಾಪಾಡಿದ್ದು ಆಡಿನ ಹಾಲು ಎಂದು ರಾಯರು ಭಾವುಕರಾಗಿ ಹೇಳಿದರು. ಶ್ರೀಮತಿ ನಡುವೆಯೇ ತಡೆದರು: "'ವ್ರತ ತೊಟ್ಟಾಗ ನಿಮ್ಮ ಮನಸ್ಸಲ್ಲಿದ್ದದ್ದು ಹಸು, ಎಮ್ಮೆ; ಆಡಿನ ಹಾಲಿಗೆ ಏನಡ್ಡಿ?' ಅಂತ ದಾರಿ ತೋರಿಸಿದ್ದು ಕಸ್ತೂರಬಾ. ಅಲ್ಲೂ ಪರಿಹಾರ ಹೇಳಿದ್ದು ಹೆಂಡತಿಯೇ. ಶೀಟು ತೆಗೀಲಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. "ಆರು ಪರ್ಸೆಂಟ್ ಕೊಬ್ಬು ಅಂದಿರಲ್ಲ, ಬೆಣ್ಣೆ ಬರುತ್ತಾ?" ಎಂದರು. ರಾಯರು ತಡವರಿಸಿದರು. ಮೇಕೆ ಹಾಲಿನ ಕೊಬ್ಬಿನ ಕಣಗಳು ಬಲು ಸಣ್ಣವು. ಹಸುವಿನ ಹಾಲಿನಲ್ಲಿ ಕಟ್ಟುವ ಹಾಗೆ ಕೆನೆ ಬೇಗ ಮೇಲೆ ಬಂದು ಕೂರುವುದಿಲ್ಲ, ಬೇರ್ಪಡಿಸಲು ಯಂತ್ರ ಬೇಕು. ಬೆಣ್ಣೆ ಬಂದರೂ ಬಿಳಿ, ತುಪ್ಪವೂ ಬಿಳಿ. "ಬಿಳೀ ತುಪ್ಪದಲ್ಲಿ ಮೈಸೂರುಪಾಕು ಮಾಡಿದರೆ ಯಾರು ನಂಬುತ್ತಾರೆ?" ಎಂದು ಕೇಳಿ ಶ್ರೀಮತಿ ಒಳಗೆ ಹೋದರು. ಅಂದು ರಾತ್ರಿಯೇ ಕೆನೆ ತೆಗೆಯುವ ಯಂತ್ರಗಳ ಶೀಟು ಹುಟ್ಟಿತು.

ಊರಿನಲ್ಲಿ ತಾಯಿಗೆ ಇದೆಲ್ಲ ಅರ್ಥವಾಗಲಿಲ್ಲ. ಅವರು ಶಿರಾ ಸಂತೆ ಕಂಡವರು. ಅಲ್ಲಿ ಟವೆಲ್ಲಿನೊಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸಿ ಕಾಫಿ ಕುಡಿಯುವುದಕ್ಕೆ ಎಷ್ಟು ಹೊತ್ತು? "ಹಲ್ಲು ನೋಡು, ಎರಡು ಹಲ್ಲು ಬಂದಿದ್ದರೆ ವರ್ಷ ತುಂಬಿದೆ, ನಾಲ್ಕಾದರೆ ಎರಡು ವರ್ಷ. ಕೆಚ್ಚಲು ಮುಟ್ಟಿ ನೋಡು, ಗಂಟಿರಬಾರದು. ನಡೆಸಿ ನೋಡು, ಕುಂಟಬಾರದು. ತಾಯಿ ಹೇಗಿದೆ ಅಂತ ನೋಡು. ಇನ್ನೇನೋ ನೋಡೋದಿದೆ ಮೇಕೆಯಲ್ಲಿ?" ಎಂದರು. ರಾಯರು ಅವನ್ನೂ ನಾಲ್ಕು ಕಾಲಮ್ ಮಾಡಿಕೊಂಡರು.

ಕೊನೆಗೆ ಸ್ನೊಹೊಮಿಶ್ ಕಡೆಯ ಒಂದು ಫಾರ್ಮಿಗೆ ಹೋದರು. ಒಡತಿ ಮಧ್ಯವಯಸ್ಸಿನ ಹೆಂಗಸು, ಕಾಲಲ್ಲಿ ರಬ್ಬರ್ ಬೂಟು, ಕೈಯಲ್ಲಿ ಬಕೆಟ್ಟು. ಸಂದರ್ಶನ ಮಾಡುವುದು ತಾವೆಂದು ರಾಯರು ಲ್ಯಾಪ್‌ಟಾಪ್ ತೆರೆದರು. ಆಕೆಯೇ ಶುರುಮಾಡಿದಳು.

"ಎಷ್ಟು ಬೇಕು?"

"ಒಂದು. ಸದ್ಯಕ್ಕೆ ಪೈಲಟ್ ಪ್ರಾಜೆಕ್ಟ್."

"ಒಂಟಿ ಮೇಕೆ ನಾನು ಮಾರುವುದಿಲ್ಲ. ಇವು ಹಿಂಡಿನ ಪ್ರಾಣಿ. ಒಂದನ್ನೇ ಕಟ್ಟಿದರೆ ಹಗಲುರಾತ್ರಿ ಅರಚಿ ಕೊರಗುತ್ತದೆ. ಹಾಲು ಬೇಕೇ?"

"ಬೇಕು."

"ಹಾಗಾದರೆ ಮರಿ ಹಾಕಿಸಬೇಕು. ಐದು ತಿಂಗಳ ಗಬ್ಬ. ಎರಡೋ ಮೂರೋ ಮರಿ, ನಾಲ್ಕಾದರೂ ಆಶ್ಚರ್ಯವಿಲ್ಲ. ಆ ಮರಿಗಳನ್ನು ಏನು ಮಾಡುತ್ತೀರಿ?"

ಮರಿ ಹಾಕದೆ ಹಾಲು ಬರುವುದಿಲ್ಲ ಎಂಬ ಮಾತು, ಮೂರು ತಲೆಮಾರು ಹಿಂದೆ ಕೊಟ್ಟಿಗೆ ಇದ್ದ ಮನೆಯ ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಶೀಟಿನಲ್ಲಿ ಇರಲಿಲ್ಲ, ಅಷ್ಟೆ. ಅಲ್ಲೇ ನಿಂತು ಮೊಬೈಲಿನಲ್ಲಿ ಚಕ್ರಬಡ್ಡಿಯ ಸೂತ್ರ ಹಾಕಿ ನೋಡಿದರು. ಐದನೆಯ ವರ್ಷದ ಸಾಲಿಗೆ ಬರುವಷ್ಟರಲ್ಲಿ ಸಿಯಾಟಲ್ ನಗರವೇ ಮೇಕೆಗಳಿಗೆ ಸಾಲದಾಯಿತು.

"ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕರೆಯುವವರು ಯಾರು? ಹಬ್ಬವಿರಲಿ, ಜ್ವರವಿರಲಿ, ಭಾರತಕ್ಕೆ ಹೋಗುವುದಿರಲಿ, ಎರಡು ಹೊತ್ತು ತಪ್ಪುವಂತಿಲ್ಲ."

ರಾಯರು ಶ್ರೀಮತಿಯ ಕಡೆ ನೋಡಿದರು. ಶ್ರೀಮತಿ ಮಕ್ಕಳ ಕಡೆ ನೋಡಿದರು. ಮಕ್ಕಳು ಮೇಕೆಯ ಕಡೆ ನೋಡಿದರು. ಮೇಕೆ ಲ್ಯಾಪ್‌ಟಾಪಿನ ಕಡೆ ನೋಡಿತು.

ವಿಷಯ ಬದಲಾಯಿಸಲು ರಾಯರು "ಗಬ್ಬ ಕಟ್ಟಿಸುವ ಹೋತ ಯಾವುದು?" ಎಂದರು. ಆಕೆ ದೂರದ ಬೇಲಿಯತ್ತ ಕರೆದೊಯ್ದಳು. ಬೆದೆಯ ಕಾಲದ ಹೋತ ತನ್ನ ಮೂತ್ರವನ್ನು ತಾನೇ ಗಡ್ಡಕ್ಕೂ ಮುಖಕ್ಕೂ ಹಾರಿಸಿಕೊಂಡು ಸಿಂಗರಿಸಿಕೊಳ್ಳುತ್ತದೆ. ಹೆಣ್ಣುಗಳಿಗೆ ಅದೇ ಅತ್ತರು. ಗಾಳಿ ಈ ಕಡೆಗೇ ಬೀಸಿತು. ಸಂಜೆ ಕಾರಿನ ಕಿಟಕಿ ನಾಲ್ಕನ್ನೂ ಇಳಿಸಿಕೊಂಡು, ಮಳೆಯಲ್ಲಿ ನೆನೆಯುತ್ತಲೇ ಮನೆ ಸೇರಿದರು.

ಮನೆಯಲ್ಲಿ ಇನ್ನೊಂದು ಆತಂಕ ಕಾದಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಂಬಿ ರಾಯರು "ಆಹಾರ" ಕಾಲಮ್ಮಿನಲ್ಲಿ ಎಲ್ಲ ತಳಿಗೂ ಪೂರ್ಣಾಂಕ ಕೊಟ್ಟಿದ್ದರು. ಮುಟ್ಟುವುದೇ ತೊಂದರೆ. ವಾಷಿಂಗ್ಟನ್ನಿನ ರಾಜ್ಯಪುಷ್ಪ ರೋಡೋಡೆಂಡ್ರಾನ್ ಮೇಕೆಗೆ ವಿಷ. ನಮ್ಮೂರಿನ ಕಣಗಿಲೆಯ ಹಾಗೆ ಸೊಗಸಾಗಿ ಹೂ ಬಿಟ್ಟು, ಮೇಯಲು ಬಂದದ್ದನ್ನು ಮಲಗಿಸಿಬಿಡುತ್ತದೆ. ರಾಯರ ಹಿತ್ತಲಿನ ಬೇಲಿಯುದ್ದಕ್ಕೂ ಅದೇ ಗಿಡ. ಅದನ್ನು ಆರಿಸಿ ನೆಡಿಸಿದ್ದೂ ಒಂದು ಶೀಟೇ. ಇನ್ನು ಮಳೆ. ಮೇಕೆಗೆ ಒಂದು ಹನಿ ಬಿದ್ದರೂ ಆಗದು. ಸಿಯಾಟಲ್‌ನಲ್ಲಿ ಅಕ್ಟೋಬರಿನಿಂದ ವಸಂತದವರೆಗೂ ಹನಿ ನಿಲ್ಲುವುದೇ ಅಪರೂಪ. ಒಣ ಕೊಟ್ಟಿಗೆ, ನಾಲ್ಕಡಿ ಬೇಲಿ, ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವ ಕತ್ತರಿ, ಕುರಿಗೆ ಕೊಡುವ ಖನಿಜವಲ್ಲದ, ತಾಮ್ರ ಬೆರೆತ ಮೇಕೆಯದೇ ಖನಿಜ... ಶೀಟು ಬಲಕ್ಕೆ ಬೆಳೆಯುತ್ತಲೇ ಹೋಯಿತು.

ಅಲ್ಲಿಗೆ ಶ್ರೀಮತಿಯ ತಾಳ್ಮೆ ಮುಗಿಯಿತು. ಆಳು ಕರೆಸಿ ರೋಡೋಡೆಂಡ್ರಾನ್ ಬೇರುಸಹಿತ ಕೀಳಿಸಿದರು, ಕೊಟ್ಟಿಗೆ ಕಟ್ಟಿಸಿದರು, ಮಗಳನ್ನು ಕೂರಿಸಿಕೊಂಡು ತಾವೇ ಫಾರ್ಮಿಗೆ ಹೋಗಿ ಬೀಜ ಒಡೆಸಿದ ಎರಡು ಗಂಡುಮರಿಗಳನ್ನು ಕಾರಿನ ಹಿಂಬದಿಯಲ್ಲಿ ಹಾಕಿಕೊಂಡು ಬಂದರು. ಅಣ್ಣತಮ್ಮಂದಿರು. ಗಬ್ಬವಿಲ್ಲ, ಕರೆಯುವುದಿಲ್ಲ, ಅತ್ತರಿಲ್ಲ. ಹಾಲೂ ಇಲ್ಲ. ರಾಯರು ಬಾಗಿಲಲ್ಲೇ ನಿಂತು "ತಳಿ ಯಾವುದು?" ಎಂದು ಕೇಳಿದರು. ಅಪ್ಪ ನೈಜೀರಿಯನ್ ಡ್ವಾರ್ಫ್, ಅಮ್ಮ ಅರ್ಧ ಪಿಗ್ಮಿ, ಉಳಿದರ್ಧ ಯಾರಿಗೂ ತಿಳಿಯದು, ಕಾಗದಪತ್ರವಿಲ್ಲ. ಶೀಟಿನ ಒಂದು ಸಾಲಿಗೂ ಸೇರದ ಮೇಕೆಗಳು! ಮಗಳಿಗೆ ಬೇಕಿದ್ದ ನೀಲಿ ಕಣ್ಣು ಮಾತ್ರ ಒಂದಕ್ಕಿತ್ತು.

ರಾಯರು ವಾರವಿಡೀ ಮುನಿಸಿಕೊಂಡಿದ್ದರು. ಒಂದು ಸಂಜೆ ಹತ್ತಿರ ಹೋಗಿ ಕೂತು ನೋಡಿದಾಗ ಮೇಕೆಯ ಕಣ್ಣಿನ ಪಾಪೆ ದುಂಡಗಿಲ್ಲದೆ ಅಡ್ಡಡ್ಡ ಆಯತಾಕಾರವಾಗಿರುವುದು ಕಂಡಿತು. ಅಪ್ಪಟ ಸ್ಪ್ರೆಡ್‌ಶೀಟಿನ ಮನೆ! ಅಂದಿನಿಂದ ರಾಯರಿಗೂ ಅವಕ್ಕೂ ಗಳಸ್ಯ ಕಂಠಸ್ಯ. ಗಂಡು ಮೇಕೆಗೆ ಕಾಳು ಹೆಚ್ಚಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆಂದು ತಿಳಿದು ಈಗ ಹುಲ್ಲಿನ ಲೆಕ್ಕ ಗ್ರಾಂ ಮಟ್ಟದಲ್ಲಿ ನಡೆಯುತ್ತಿದೆ. ಕಾಫಿಗೆ ಹಾಲು ಮೊದಲಿನಂತೆಯೇ ಅಂಗಡಿಯಿಂದ ಬರುತ್ತಿದೆ.

ಮನೆಯಲ್ಲಿ ಪುಟ್ಟ ಮೇಕೆ ಸಾಕುವ ಆಸೆಯುಳ್ಳವರಿಗೆ ಹೇಳುವುದಿಷ್ಟು. ಯಾವ ತಳಿಯಾದರೂ ಸರಿ, ಒಂದು ತರಬೇಡಿ, ಎರಡು ತನ್ನಿ. ಬರೀ ಮುದ್ದಿಗಾದರೆ ಬೀಜ ಒಡೆಸಿದ ಗಂಡು ಸಾಕು. ಹಾಲು ಬೇಕಾದರೆ ಬೆಳಗ್ಗೆ ಏಳುವವರು ಯಾರು ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ, ತಳಿಯ ಮಾತು ಆಮೇಲೆ. ಬೇಲಿಯ ಗಿಡ ಯಾವುದೆಂದು ಒಮ್ಮೆ ನೋಡಿ. ಸಂದೇಹ ಬಂದರೆ ಪಶುವೈದ್ಯರನ್ನು ಕೇಳಿ, ಸಂತೆ ಕಂಡ ಹಿರಿಯರನ್ನು ಕೇಳಿ. ಶೀಟುರಾಯರನ್ನು ಮಾತ್ರ ಕೇಳಬೇಡಿ. ಕೇಳಿದರೆ ಶೀಟು ಕಳಿಸುತ್ತಾರೆ.