ಸ್ಮಾರ್ಟ್ ಮೇಷ್ಟ್ರೂ ಅತ್ತೆಯವರ ಹಲಸಿನ ಮರವೂ

ಶಾಲೆಯಲ್ಲಿ ‘ಕಂಪ್ಯೂಟರ್ ಬಲ್ಲ ಮೇಷ್ಟ್ರು’ ಅನ್ನಿಸಿಕೊಳ್ಳೋಕೆ ಕಂಪ್ಯೂಟರ್ ಬರಬೇಕು ಅಂತೇನಿಲ್ಲ. ಉಳಿದವರಿಗೆ ನಮಗಿಂತ ಕಡಿಮೆ ಬಂದರೆ ಸಾಕು. ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದದ್ದಕ್ಕೆ ನನಗೆ ಆ ಪಟ್ಟ ಬಂತು. ಅಲ್ಲಿಂದಾಚೆಗೆ ಮಕ್ಕಳ ಹಾಜರಿ ಅಪ್‌ಲೋಡ್ ಮಾಡುವುದರಿಂದ ಹಿಡಿದು ಸಹೋದ್ಯೋಗಿಗಳ ಮನೆಯ ಗೃಹಪ್ರವೇಶದ ಆಮಂತ್ರಣ ಡಿಸೈನ್ ಮಾಡುವ ತನಕ ಎಲ್ಲವೂ ನನ್ನ ಪಾಲಿಗೆ. ನಾನೂ ಬೀಗುತ್ತಾ ಮಾಡುತ್ತೇನೆ. ಆದರೆ ಆ ಪಟ್ಟವನ್ನು ಸಂಜೆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಜೊತೆಗೇ ಬಿಟ್ಟು ಒಳಗೆ ಹೋಗಬೇಕು. ನಿಮ್ಮ ಮನೆಯಲ್ಲೂ ಇದೇ ಕಥೆ ತಾನೇ?

ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಮೂವರು. ಪ್ರಾಥಮಿಕ ಶಾಲೆಯ ಟೀಚರಾದ ನಮ್ಮಾಕೆ, ಏಳನೇ ಕ್ಲಾಸಿನ ಮಗಳು, ಮತ್ತು ಅತ್ತೆಯವರು. ಮೂವರಿಗೂ ಯಾವ ವಿಷಯದಲ್ಲೂ ಒಮ್ಮತವಿಲ್ಲ, ನನ್ನ ವಿಷಯದಲ್ಲೊಂದು ಬಿಟ್ಟು. ಅತ್ತೆಯವರನ್ನು ಸುಮ್ಮನೆ ಅಂದುಕೊಳ್ಳಬೇಡಿ. 2020ರಲ್ಲಿ ಶಾಲೆಗಳು ಮುಚ್ಚಿ, ದೂರದರ್ಶನ ಚಂದನದಲ್ಲಿ ‘ಸೇತುಬಂಧ’ ಪಾಠಗಳು ಬರುತ್ತಿದ್ದಾಗ ಒಂದನ್ನೂ ತಪ್ಪಿಸದೆ ನೋಡಿದವರು. ಒಂದು ದಿನ ಪಾಠ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಆ ಮೇಷ್ಟ್ರು ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾರಪ್ಪ. ನೀನೂ ಇದನ್ನೇ ಮಾಡ್ತಿದ್ದೆ ಅಲ್ವಾ?” ಅಂದರು. ಆ ‘ಮಾಡ್ತಿದ್ದೆ’ ಇವತ್ತಿಗೂ ಚುಚ್ಚುತ್ತದೆ.

ಪಠ್ಯಪುಸ್ತಕದ ಪಾಠಗಳಲ್ಲಿ ಕಪ್ಪು ಬಿಳಿ ಚೌಕದ ಕ್ಯೂಆರ್ ಕೋಡ್ ಇರುತ್ತದಲ್ಲ, ನನ್ನ ಮೊದಲ ಸೋಲು ಅದರ ಮುಂದೆ. 2017ರಲ್ಲಿ ಶುರುವಾದ ‘ದೀಕ್ಷಾ’ ಆ್ಯಪ್‌ನಿಂದ ಆ ಚೌಕವನ್ನು ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಹೊಂದುವ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ರಾತ್ರಿ ಊಟಕ್ಕೆ ಕೂತಾಗ ನಾನು ಉಪನ್ಯಾಸ ಶುರು ಮಾಡಿದೆ. ಈ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಕಂಡುಹಿಡಿದದ್ದು, ಈಗ ನೋಡಿ ಪಾನಿಪೂರಿ ಗಾಡಿಯ ಮೇಲೂ ಬಂದು ಕೂತಿದೆ, ಇತ್ಯಾದಿ ಇತ್ಯಾದಿ. ನಮ್ಮಾಕೆ ಹಪ್ಪಳ ಮುರಿದರು. ಆ ಸದ್ದಿನಲ್ಲಿ ಜಪಾನ್ ಮುಳುಗಿತು.

ಪ್ರಾತ್ಯಕ್ಷಿಕೆಗೆ ಅಂತ ಮಗಳ ಪುಸ್ತಕ ತೆಗೆದರೆ ಕೋಡಿನ ಒಂದು ಮೂಲೆಯ ಹತ್ತಿರ ಬಿಳಿ ಚೌಕಗಳೆಲ್ಲ ನೀಲಿ ಪೆನ್ನಿನಲ್ಲಿ ಭರ್ತಿಯಾಗಿವೆ.

“ಏನೇ ಇದು?”

“ಖಾಲಿ ಬಿಟ್ಟಿದ್ರಲ್ಲಪ್ಪ, ತುಂಬಿಸ್ದೆ.”

“ಮುಗೀತು. ಇನ್ನು ಇದು ಓದಲ್ಲ,” ಎಂದು ನಾನು ತೀರ್ಪು ಕೊಟ್ಟೆ. ನಮ್ಮಾಕೆ ಎಡಗೈಯಲ್ಲಿ ತಮ್ಮ ಫೋನ್ ಹಿಡಿದರು. ಪಾಠ ತೆರೆದುಕೊಂಡಿತು. ಆಮೇಲೆ ಕದ್ದು ಓದಿ ತಿಳಿದುಕೊಂಡೆ: ಕ್ಯೂಆರ್ ಕೋಡಿನಲ್ಲಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಇದೆ. ಅತಿ ಹೆಚ್ಚಿನ ದರ್ಜೆಯದಾದರೆ ಸುಮಾರು ಶೇ 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದಂತೆ. ನಾನು ಅಷ್ಟೇನೂ ಹಾಳಾಗಿಲ್ಲ, ಆದರೂ ಮನೆಯಲ್ಲಿ ಒಬ್ಬರೂ ಓದುವುದಿಲ್ಲ.

ನಮ್ಮಾಕೆಗೆ ಇದೆಲ್ಲ ಹಳೇ ವಿದ್ಯೆ ಅಂತ ಆಗಲೇ ಗೊತ್ತಾಗಿದ್ದು. ಅವರು ಬೇಕಾದ ವಿಡಿಯೊವನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳುತ್ತಾರೆ, ಶಾಲೆಯಲ್ಲಿ ನೆಟ್‌ವರ್ಕಿನ ಹಂಗು ಬೇಡ ಅಂತ. ಅದರಲ್ಲೂ ಎರಡು ನಿಮಿಷದಷ್ಟೇ ಹಾಕಿ, ನಡುವೆ ನಿಲ್ಲಿಸಿ, “ಮುಂದೇನಾಗುತ್ತೆ ಹೇಳಿ ನೋಡೋಣ” ಅನ್ನುತ್ತಾರೆ. ಮಕ್ಕಳು ಜಗಳಕ್ಕೆ ಬೀಳುತ್ತಾರೆ. ಜಗಳ ಹದಕ್ಕೆ ಬಂದ ಮೇಲೆ ಮಿಕ್ಕದ್ದು. “ಇದನ್ನ ನನಗ್ಯಾಕೆ ಹೇಳಲಿಲ್ಲ?” ಅಂದೆ. “ನೀವು ಜಪಾನಿಂದ ವಾಪಸ್ ಬರ್ಲಿ ಅಂತಿದ್ದೆ,” ಅಂದರು.

ನಾನು ಬಿಡುವವನೇ? ನಮ್ಮಾಕೆಯದು ಬರೀ ಫೋನು, ನನ್ನದು ಪ್ರೊಜೆಕ್ಟರ್ ಅಂತ ಹತ್ತನೇ ಕ್ಲಾಸಿಗೆ ‘ಬೆಳಕಿನ ಪ್ರತಿಫಲನ’ ಹೊತ್ತುಕೊಂಡು ಹೋದೆ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಲ್ಯಾಪ್‌ಟಾಪು. 40 ನಿಮಿಷದ ಪೀರಿಯಡ್ಡಿನಲ್ಲಿ ಅರ್ಧ ಭಾಗ ವೈರಿಗೇ ಹೋಯಿತು. ಪ್ರೊಜೆಕ್ಟರಿನ ತೂತು ಒಂದು ಆಕಾರ, ಲ್ಯಾಪ್‌ಟಾಪಿನ ತೂತು ಇನ್ನೊಂದು ಆಕಾರ. ಕೊನೆಗೆ ಚಿತ್ರ ಬಂತು, ತಲೆಕೆಳಗಾಗಿ. ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಮಾವನ ಶಾಮಿಯಾನ, ಮೈಕ್‌ಸೆಟ್ ಅಂಗಡಿಯಲ್ಲಿ ರಜಾದಿನ ಕೈಜೋಡಿಸುವವನು. ಎದ್ದು ಬಂದು, ಎರಡು ಗುಂಡಿ ಒತ್ತಿ, ಚಿತ್ರ ನೆಟ್ಟಗೆ ಮಾಡಿ, “ಕೂತ್ಕೊಳಿ ಸಾರ್” ಅಂದ. ನಾನು ಕೂತೆ.

ಗೋಡೆಯ ತುಂಬ ನನ್ನ ಪರದೆ. ಗತ್ತಿನಿಂದ ಹುಡುಕುವ ಜಾಗದಲ್ಲಿ ‘ಬ’ ಅಂತ ಒತ್ತಿದೆ. ‘ಬೆಳಕು’ ಅಂತ ಪೂರ್ತಿ ಮಾಡುವಷ್ಟರಲ್ಲಿ ಬ್ರೌಸರು ನನ್ನ ಹಳೆಯ ಹುಡುಕಾಟಗಳನ್ನೆಲ್ಲ ಸಾಲಾಗಿ ಇಳಿಬಿಟ್ಟಿತು. ಮೊದಲ ಸಾಲು: ‘ಬೊಕ್ಕತಲೆಗೆ ಈರುಳ್ಳಿ ರಸ ಹಚ್ಚುವುದು ಹೇಗೆ’. ಎರಡನೆಯದು: ‘ಬೊಕ್ಕತಲೆ ಈರುಳ್ಳಿ ವಾಸನೆ ಹೋಗಲಾಡಿಸಲು’. ಇಡೀ ತರಗತಿ ಒಕ್ಕೊರಲಿನಿಂದ, ಉಚ್ಚಾರ ದೋಷವಿಲ್ಲದೆ ಓದಿತು. ಆಮೇಲೆ ಎಲ್ಲರ ಕಣ್ಣೂ ಟ್ಯೂಬ್‌ಲೈಟಿನ ಕೆಳಗಿದ್ದ ನನ್ನ ನೆತ್ತಿಯ ಮೇಲೆ. ಪ್ರತಿಫಲನಕ್ಕೆ ಬೇರೆ ವಿಡಿಯೊ ಬೇಕಾಗಲಿಲ್ಲ. ಮರುದಿನ ಮೇಜಿನ ಮೇಲೆ ಯಾರೋ ಒಂದು ಈರುಳ್ಳಿ ಇಟ್ಟಿದ್ದರು. ದೊಡ್ಡದು, ಒಳ್ಳೆಯದು. ಮನೆಗೆ ತಂದೆ.

ಆಮೇಲೆ ಪ್ಲಿಕರ್ಸ್ ಕಾರ್ಡುಗಳ ಪ್ರಸಂಗ. ಮಕ್ಕಳ ಕೈಯಲ್ಲಿ ಫೋನು ಬೇಡವೇ ಬೇಡ, ಆಳಿಗೊಂದು ಕಾಗದದ ಕಾರ್ಡು ಸಾಕು. ಒಂದೊಂದರ ಮೇಲೂ ಒಂದೊಂದು ಬೇರೆ ಗುರುತು. ಉತ್ತರ ಎ, ಬಿ, ಸಿ, ಡಿ ಯಾವುದೋ ಅದು ಮೇಲೆ ಬರುವ ಹಾಗೆ ಕಾರ್ಡು ತಿರುಗಿಸಿ ಹಿಡಿದರೆ, ಮೇಷ್ಟ್ರ ಫೋನಿನ ಕ್ಯಾಮೆರಾ ಇಡೀ ತರಗತಿಯ ಉತ್ತರವನ್ನು ಒಮ್ಮೆಗೇ ಓದುತ್ತದೆ. ಗುರುತುಗಳು ಬೇರೆಬೇರೆಯಾದ್ದರಿಂದ ಪಕ್ಕದವನ ಕಾರ್ಡು ನೋಡಿ ಕಾಪಿ ಹೊಡೆಯುವುದೂ ಕಷ್ಟ. ಸ್ವಂತ ದುಡ್ಡಿನಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಒಂದರ ಮೇಲೆ ಸಾರಿನ ಪಾತ್ರೆ, ಇನ್ನೊಂದರ ಮೇಲೆ ಚಿತ್ರಾನ್ನದ ಬಾಣಲೆ.

“ಇವು ಬಿಸಿ ತಡೆಯಲ್ಲ, ವಾಪಸ್ ಕೊಡಿ ಅಂಗಡಿಗೆ,” ಅಂದರು ಅತ್ತೆಯವರು.

ಸುಕ್ಕಾಗದೆ ಉಳಿದವನ್ನೂ, ಕರಗಿದ್ದಕ್ಕೆ ಹೊಸದನ್ನೂ ಸೇರಿಸಿ ಶಾಲೆಗೆ ಒಯ್ದೆ. ಅಂದು ಸರಣಿ ಮಂಡಲದ ಪಾಠ. ಮುಗಿಸಿ ಎಂದಿನಂತೆ, “ಅರ್ಥ ಆಯ್ತಾ?” ಅಂದೆ. “ಆಯ್ತೂ ಸಾಆಆರ್!” ಆ ‘ಸಾಆಆರ್’ ನಂಬಿಕೊಂಡೇ ನಾನು ಇಷ್ಟು ವರ್ಷ ಸುಖವಾಗಿ ನಿದ್ದೆ ಮಾಡಿದ್ದು. ಕಾರ್ಡು ಎತ್ತಿಸಿ ಕೇಳಿದೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಫೋನು ನೋಡಿದರೆ ಬಹುಪಾಲು ಮಕ್ಕಳದ್ದು ಒಂದೇ ಉತ್ತರ: ‘ಬ್ಯಾಟರಿಗೆ ಹತ್ತಿರ ಇರುವುದು’. ಎರಡೂ ಸಮ ಅಂತ ನಾನು ಆಗ ತಾನೇ ಗಂಟಲು ಹರಿದುಕೊಂಡಿದ್ದೆ! ಕಾರ್ಡುಗಳನ್ನು ಬಾಣಲೆ ಕೆಳಗೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಲ್ಯಾಪ್‌ಟಾಪಿನಲ್ಲಿ ಫೆಟ್ ಇತ್ತು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಉಚಿತ ಜಾಲತಾಣ. ಅದರ ಎಷ್ಟೋ ಪ್ರಯೋಗಗಳು ಕನ್ನಡದಲ್ಲೂ ಇವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಪರದೆಯ ಮೇಲೆ ಬ್ಯಾಟರಿ, ಬಲ್ಬು, ವೈರು ಎಳೆದು ಜೋಡಿಸಿಕೊಳ್ಳಬಹುದು. ನಾನು ಜೋಡಿಸುತ್ತಾ ವಿವರಿಸಿದೆ, ಮಕ್ಕಳು ಆಕಳಿಸಿದರು. ಆಗ ಶಾಮಿಯಾನದ ಹುಡುಗ, “ಸಾರ್, ಬಲ್ಬೇ ಇಲ್ದೆ ವೈರನ್ನ ಬ್ಯಾಟ್ರಿಯಿಂದ ಬ್ಯಾಟ್ರಿಗೇ ಕೊಟ್ರೆ?” ಅಂದ. ನಾನು ಬಾಯಿ ತೆರೆಯುವ ಮೊದಲೇ ಮೌಸು ಅವನ ಕೈಗೆ ಹೋಗಿತ್ತು. ಪರದೆಯ ಮೇಲಿನ ಬ್ಯಾಟರಿ ಧಗ್ ಅಂತ ಹೊತ್ತಿಕೊಂಡಿತು. ತರಗತಿ ಕುಣಿಯಿತು. ಗದ್ದಲಕ್ಕೆ ಹೆಡ್ಮಾಸ್ಟರು ಬಂದರು. “ಶಾರ್ಟ್ ಸರ್ಕ್ಯೂಟ್ ಸಾರ್,” ಅಂದೆ. ಪಾಪ, ಅವರು ಓಡಿಹೋಗಿ ಮೇನ್ ಆಫ್ ಮಾಡಿದರು.

ಕರೆಂಟು ಬಂದ ಮೇಲೆ ಆ ಹುಡುಗನೇ ಎರಡು ಬಲ್ಬು ಜೋಡಿಸಿದ. ಎರಡೂ ಸಮ. ಆದರೂ ಒಂದಿಬ್ಬರು ಒಪ್ಪಲಿಲ್ಲ. “ಲೋ, ಗಣಪತಿ ಪೆಂಡಾಲ್‌ಗೆ ಸೀರಿಯಲ್ ಸೆಟ್ ಬಿಡ್ತೀವಲ್ಲ, ಮೊದಲ್ನೇ ಬಲ್ಬು ಜಾಸ್ತಿ, ಕೊನೇದು ಮಂಕು ಉರಿದಿದ್ದು ನೋಡಿದ್ದೀಯಾ?” ಅಂದ ಅವನು. ಒಪ್ಪಿದರು. ನನ್ನ ಪಾಠಕ್ಕೆ ಬಗ್ಗದವರು ಗಣಪತಿಗೆ ಬಗ್ಗಿದರು.

ಮನೆಯಲ್ಲಿ ವಿಜಯೋತ್ಸವದ ವರದಿ ಒಪ್ಪಿಸಿದೆ. ನಮ್ಮಾಕೆ ಬೆರಳು ಮಡಚಿ ಲೆಕ್ಕ ಹಾಕಿದರು: “ಪ್ರಶ್ನೆ ಕೇಳಿದ್ದು ಹುಡುಗ. ಬೆಂಕಿ ಹಚ್ಚಿದ್ದು ಹುಡುಗ. ಒಪ್ಪಿಸಿದ್ದೂ ಹುಡುಗ. ನೀವೇನು ಮಾಡಿದ್ರಿ?”

“ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ.”

“ಅದೇ ಸರಿಯಾದ ಕೆಲಸ. ಹೀಗೇ ಹೊರ್ತಾ ಇರಿ.”

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಒಂದು ಭಾನುವಾರ ಅತ್ತೆಯವರನ್ನು ಮೆಚ್ಚಿಸೋಣ ಅಂತ ಗೂಗಲ್ ಅರ್ಥ್ ತೆಗೆದೆ. ಹಿಮಾಲಯ ತೋರಿಸಿದೆ. “ಹೂಂ” ಅಂದರು. ಈಜಿಪ್ಟಿನ ಪಿರಮಿಡ್ ತೋರಿಸಿದೆ. ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು. ಕೊನೆಗೆ ಅವರ ತವರಿನ ಮನೆಯ ಮೇಲೆ ಇಳಿಸಿದೆ. ಅವರೆಕಾಯಿ ಮೊರ ಪಕ್ಕಕ್ಕೆ ಸರಿಯಿತು.

“ಹಿತ್ತಲಲ್ಲಿ ಹಲಸಿನ ಮರ ಎಲ್ಲಿ?”

ಇರಲಿಲ್ಲ. ನನ್ನ ವಿದ್ಯೆ ತೋರಿಸುವ ಚಪಲ ನೋಡಿ, ಹಳೆಯ ವರ್ಷಗಳ ಉಪಗ್ರಹ ಚಿತ್ರವೂ ಇದರಲ್ಲಿ ಸಿಗುತ್ತದೆ ಅಂತ ಹೇಳಿಬಿಟ್ಟೆ. ಅತ್ತೆಯವರು ಕನ್ನಡಕ ತರಿಸಿದರು. ಒಂದೊಂದೇ ವರ್ಷ ಹಿಂದಕ್ಕೆ ಸರಿಸಿಕೊಂಡು ಹೋಗಿ, ಮರ ಇದ್ದ ಕೊನೆಯ ಚಿತ್ರ ಹಿಡಿದರು. ಅದರ ಮುಂದಿನ ಚಿತ್ರದಲ್ಲಿ ಮರ ಮಾಯ, ದಾಯಾದಿಗಳ ಕಾಂಪೌಂಡು ಹಾಜರ್. ಫೋನು ಹೋಯಿತು. ಆ ಕಡೆಯಿಂದಲೂ ಬಂತು. “ನಿನಗೆ ಯಾರು ಹೇಳಿದ್ದು?” ಎಂಬ ಪ್ರಶ್ನೆಗೆ ಅತ್ತೆಯವರು ನನ್ನ ಹೆಸರನ್ನೇ ಹೇಳಿದರು. ಈಗ ಆ ಊರಿನ ಜಾತ್ರೆಗೆ ನನ್ನೊಬ್ಬನಿಗೆ ಕರೆಯೋಲೆ ಬರುತ್ತಿಲ್ಲ.

ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದ ನಮ್ಮಾಕೆ ಮರುವಾರ ತಮ್ಮ ಶಾಲೆಯ ಮಕ್ಕಳಿಗೆ ಅದೇ ಉಪಾಯದಿಂದ ಊರ ಕೆರೆಯನ್ನು ತೋರಿಸಿದರು. “ನೀರು ಇಲ್ಲೀತನಕ ಇತ್ತು, ಈಗ ಇಲ್ಲಿದೆ. ಮಧ್ಯದ್ದು ಎಲ್ಲಿ ಹೋಯ್ತು?” ಅಷ್ಟೇ ಕೇಳಿದ್ದು. ಮಕ್ಕಳು ಮನೆಮನೆಗೆ ಹೋಗಿ ಅಜ್ಜಂದಿರನ್ನು ಕೇಳಿ, ಕೋಡಿ ಎಲ್ಲಿತ್ತು, ಕಾಲುವೆ ಯಾರು ಮುಚ್ಚಿದರು ಅಂತ ನೋಟ್‌ಬುಕ್ಕು ತುಂಬಿಸಿಕೊಂಡು ಬಂದರು. ನಮ್ಮಾಕೆಗೆ ಶಹಬ್ಬಾಸ್‌ಗಿರಿ. ಒಂದೇ ಜಾಲತಾಣ, ಒಂದೇ ಗುಂಡಿ. ಅವರು ಒತ್ತಿದರೆ ಪಾಠ, ನಾನು ಒತ್ತಿದರೆ ದಾಯಾದಿ ಮತ್ಸರ.

ಈಗ ಲ್ಯಾಪ್‌ಟಾಪು ಅತ್ತೆಯವರ ಸುಪರ್ದಿಯಲ್ಲಿದೆ. ಸಂಜೆಯಾದರೆ ಬೀದಿಯವರೆಲ್ಲ ತಮ್ಮ ತಮ್ಮ ತವರಿನ ಬೇಲಿ ನೋಡಿಸಿಕೊಳ್ಳಲು ಬಂದು ಕೂರುತ್ತಾರೆ, ಕಾಫಿ ಮಾಡುವವನು ನಾನು. ನಾಳೆಯ ಪಾಠಕ್ಕೆ ಬೇಕು ಅಂತ ಕೇಳಿದರೆ ಸಂದರ್ಶನ ನಡೆಯುತ್ತದೆ.

“ಏನ್ ಮಾಡ್ತೀಯಪ್ಪ ಇದರಲ್ಲಿ?”

“ಮಕ್ಕಳಿಗೆ ತೋರಿಸ್ತೀನಿ.”

“ತೋರ್ಸೋಕೆ ಟೀವಿ ಇದೆ. ಹುಡುಗರು ಏನು ಹುಡುಕಬೇಕು, ಅದು ಹೇಳು.”

ನಾನು ಯೋಚಿಸಿ, ಪ್ರಶ್ನೆ ಕಟ್ಟಿಕೊಂಡು, ಮತ್ತೆ ಅರ್ಜಿ ಹಾಕಬೇಕು. ಇಷ್ಟು ವರ್ಷದ ಯಾವ ತರಬೇತಿ ಶಿಬಿರವೂ ನನ್ನನ್ನು ಹೀಗೆ ಬೆವರಿಳಿಸಿರಲಿಲ್ಲ. ಮೊನ್ನೆ ಪ್ರಶ್ನೆ ಇನ್ನೂ ಹೊಳೆದಿರಲಿಲ್ಲ, ತಡವರಿಸುತ್ತಾ ನಿಂತಿದ್ದೆ. ಅತ್ತೆಯವರು ಕನ್ನಡಕದ ಮೇಲಿಂದ ನನ್ನ ನೆತ್ತಿಯನ್ನೊಮ್ಮೆ ನೋಡಿ, ಲ್ಯಾಪ್‌ಟಾಪನ್ನು ಇನ್ನಷ್ಟು ತಮ್ಮ ಕಡೆಗೆ ಎಳೆದುಕೊಂಡು ಅಂದರು:

“ಈರುಳ್ಳಿ ವಿಷಯಕ್ಕಾದ್ರೆ ಹುಡುಕೋದೇ ಬೇಡ. ಅದರ ರಿಸಲ್ಟು ನನಗೆ ಇಲ್ಲಿಂದಲೇ ಕಾಣ್ತಿದೆ.”