ಹುಬ್ಬಿನ ವೀಕ್ಷಕ ವಿವರಣೆ

ನಮ್ಮ ಮನೆಯಲ್ಲಿ ಟಿ.ವಿ. ಇರುವುದು ನಡುಮನೆಯಲ್ಲಿ, ರಾತ್ರಿ ಒಗ್ಗರಣೆಯ ಹೊತ್ತಿಗೆ ನಾನಿರುವುದು ಅಡುಗೆಮನೆಯಲ್ಲಿ. ಹಾಗಾಗಿ ಮಿಸ್ಟರ್ ಬೀನ್‌ನನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕೇಳುವುದೇನು, ಮಣ್ಣು! ಒಂದು ಗೊರಗೊರ ಗಂಟಲು, ಏನೋ ಬಿದ್ದ ಸದ್ದು, ಆಮೇಲೆ ಜನರ ನಗು. ಮತ್ತೆ ನಿಶ್ಶಬ್ದ, ಮತ್ತೆ ನಗು. ಸೌಟು ಹಿಡಿದೇ "ಏನಾಯ್ತೇ?" ಎಂದು ಕೂಗಿದರೆ, "ಏನೂ ಇಲ್ಲ, ಸುಮ್ನೆ ನೋಡ್ದ" ಎನ್ನುತ್ತಾಳೆ ಮಗಳು. ಸುಮ್ಮನೆ ನೋಡಿದ್ದಕ್ಕೆ ಇಷ್ಟು ನಗುವೇ? ನಾನೂ ಎಷ್ಟೋ ಸಲ ಸುಮ್ಮನೆ ನೋಡಿದ್ದೇನೆ. "ಹುಷಾರಿಲ್ವಾ?" ಎಂದು ಕೇಳಿದ್ದಾರೆಯೇ ಹೊರತು ಒಬ್ಬರೂ ನಕ್ಕಿಲ್ಲ.

ನಟ ರೋವನ್ ಅಟ್ಕಿನ್ಸನ್ ಬೀನ್ ಎಂಬ ಈ ಹಾಸ್ಯಪಾತ್ರವಾಗಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಮೊದಲು ಕಾಣಿಸಿಕೊಂಡದ್ದು 1990ರ ಜನವರಿ 1ರಂದು. ಆ ಮೊದಲ ಕಂತಿನಲ್ಲೇ ಒಂದು ಕಡಲತೀರದ ಪ್ರಸಂಗವಿದೆ. ಬೀನ್‌ಗೆ ಈಜುಚಡ್ಡಿ ಹಾಕಿಕೊಳ್ಳಬೇಕು. ಪಕ್ಕದಲ್ಲಿ ಕಪ್ಪು ಕನ್ನಡಕದ ಒಬ್ಬ ಮನುಷ್ಯ ಕುಳಿತಿದ್ದಾನೆ. ಮರ್ಯಾದಸ್ಥನಾದ ಬೀನ್ ಪ್ಯಾಂಟು ಬಿಚ್ಚದೆಯೇ ಮೇಲೆ ಚಡ್ಡಿ ಏರಿಸಿ, ಒಳಗಿಂದ ಪ್ಯಾಂಟನ್ನು ಕಳಚುವ ಸರ್ಕಸ್ಸಿಗೆ ಇಳಿಯುತ್ತಾನೆ. ಅಷ್ಟೆಲ್ಲ ಒದ್ದಾಡಿ ಗೆದ್ದಮೇಲೆ ಪಕ್ಕದವನು ಎದ್ದು ಬಿಳಿಯ ಕೋಲು ಊರುತ್ತಾ ಹೊರಡುತ್ತಾನೆ. ಅವನಿಗೆ ಕಣ್ಣೇ ಕಾಣದು! ಅಡುಗೆಮನೆಯ ನನ್ನಂತೆ ಕಿವಿಯನ್ನೇ ನಂಬಿದವರಿಗಾಗಿ ಇದನ್ನು ರೇಡಿಯೋಗೆ ತಂದರೆ, ಕೇಳುಗರಾದ ನಾವೆಲ್ಲ ಆ ಕಪ್ಪು ಕನ್ನಡಕದವನ ಜಾಗದಲ್ಲೇ ಕೂತಿರುತ್ತೇವೆ. ಬಟ್ಟೆ ಸರಸರ ಎಂದಿತು, ಇಷ್ಟೇ ನಮ್ಮ ಪಾಲಿಗೆ.

ಹೋಗಲಿ, ದಸರಾ ಜಂಬೂಸವಾರಿಯ ಹಾಗೆ ವೀಕ್ಷಕ ವಿವರಣೆ ಕೊಟ್ಟರೆ? "ಶ್ರೋತೃಗಳೇ, ಬೀನ್ ಅವರ ಎಡಹುಬ್ಬು ಈಗ ಮೇಲಕ್ಕೆ ಚಲಿಸುತ್ತಿದೆ... ಬಲಹುಬ್ಬು ಅದನ್ನು ಹಿಂಬಾಲಿಸುತ್ತಿದೆ... ತುಟಿ, ಆಹಾ, ತುಟಿ ಸೊಟ್ಟಗಾಯಿತು!" ಆನೆಗಾದರೆ ಇದು ನಡೆಯುತ್ತದೆ. ಅಂಬಾರಿ ನಿಧಾನ, ವರ್ಣನೆಗೆ ಬೇಕಾದಷ್ಟು ಬಿಡುವು. ಹುಬ್ಬು ವಿವರಣೆಗಾರನಿಗೆ ಕಾಯುವುದಿಲ್ಲ. ಅವನು ಸುಮ್ಮನಿರೋಣವೆಂದರೆ ಅದೂ ಆಗದು. ರೇಡಿಯೋ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರೆ ನಮ್ಮ ಜನ ಸೆಲ್ ಮುಗಿಯಿತೆಂದು ಅದರ ಬೆನ್ನಿಗೆ ಎರಡು ಗುದ್ದುತ್ತಾರೆ.

ಅದೇ ಕಂತಿನ ಚರ್ಚ್ ದೃಶ್ಯದಲ್ಲಿ ಬೀನ್‌ಗೆ ಸ್ತೋತ್ರದ ಸಾಲು ಗೊತ್ತಿಲ್ಲ. ಗೊಣಗೊಣ ಎನ್ನುತ್ತಿದ್ದು "ಅಲ್ಲೆಲೂಯ" ಬಂದಾಗ ಮಾತ್ರ ಗಂಟಲು ಹರಿಯುವಂತೆ ಅರಚುತ್ತಾನೆ. ಆ ತುಣುಕೊಂದು ಕಿವಿಗೂ ದಕ್ಕೀತು. ಸತ್ಯನಾರಾಯಣ ಪೂಜೆಯಲ್ಲಿ ಮಂಗಳಾರತಿ ಹಾಡುವ ನಮ್ಮ ಬಂಧುಗಳ ಪದ್ಧತಿಯೂ ಇದೇ ಅಲ್ಲವೆ!

ಹಾಗೆಂದು ಅಟ್ಕಿನ್ಸನ್‌ಗೆ ಬಾಯಿ ಇಲ್ಲವೆಂದಲ್ಲ. ಬೀನ್ ಟಿ.ವಿ.ಗೆ ಬರುವ ಮೊದಲೇ, 1979ರಲ್ಲಿ, ಬಿಬಿಸಿ ರೇಡಿಯೋ 3ರಲ್ಲಿ ಇಲ್ಲದ ಮಹಾಪುರುಷರ ಸಂದರ್ಶನಗಳ ಅಣಕ ಮಾಡಿದ್ದವರು ಅವರು. ರೇಡಿಯೋಗೆ ಒಗ್ಗದವನು ಬೀನ್, ನಟ ಅಲ್ಲ.

ಮೌನವೂ ರೇಡಿಯೋದಲ್ಲಿ ನಗಿಸಬಲ್ಲದು, ಆದರೆ ಮೊದಲು ಯಾರಾದರೂ ಮಾತಾಡಿರಬೇಕು. ಅಮೆರಿಕದ ಜ್ಯಾಕ್ ಬೆನ್ನಿ ರೇಡಿಯೋದ ಹೆಸರಾಂತ ಜಿಪುಣ. 1948ರ ಒಂದು ಕಾರ್ಯಕ್ರಮದಲ್ಲಿ ಕಳ್ಳನೊಬ್ಬ ಅಡ್ಡಗಟ್ಟಿ, ದುಡ್ಡು ಕೊಡ್ತೀಯೋ ಪ್ರಾಣ ಕೊಡ್ತೀಯೋ ಎನ್ನುತ್ತಾನೆ. ಬೆನ್ನಿ ಉತ್ತರಿಸುವುದಿಲ್ಲ. ಆ ಮೌನಕ್ಕೇ ಜನ ನಕ್ಕರು. ಕಳ್ಳ ಮತ್ತೆ ಗದರಿಸಿದಾಗ, ಯೋಚಿಸುತ್ತಿದ್ದೇನೆ ತಡಿ ಎಂದು ಬೆನ್ನಿಯೇ ಸಿಡುಕುತ್ತಾನೆ. ಅವರ ಜಿಪುಣತನವನ್ನು ವರ್ಷಗಟ್ಟಲೆ ಕೇಳಿ ಪಳಗಿದ ಕಿವಿಗಳಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ನನಗೆ ಇವರೆಲ್ಲರಿಗಿಂತ ಇಷ್ಟವಾದವರು ಬ್ರಿಟನ್ನಿನ ಪೀಟರ್ ಬ್ರಫ್. ಅವರ ವೃತ್ತಿ ಗೊಂಬೆ ಮಾತಾಡಿಸುವುದು, ಅದೂ ರೇಡಿಯೋದಲ್ಲಿ! ಆರ್ಚಿ ಎಂಬ ಗೊಂಬೆ 1950ರಿಂದ ಬಿಬಿಸಿಯಲ್ಲಿ ವರ್ಷಾನುಗಟ್ಟಲೆ ಹರಟಿತು, ಅದಕ್ಕೆ ಪಾಠ ಹೇಳಲು ಟೋನಿ ಹ್ಯಾನ್‌ಕಾಕ್‌ರಂಥ ಹಾಸ್ಯನಟರು ಮೇಷ್ಟ್ರಾಗಿ ಬಂದರು, ದೇಶವೆಲ್ಲ ಕಿವಿಗೊಟ್ಟಿತು. ಬ್ರಫ್ ಮಾತಾಡಿಸುವಾಗ ತುಟಿ ಅಲುಗುತ್ತಿತ್ತಂತೆ. ಅಲುಗಲಿ, ರೇಡಿಯೋದಲ್ಲಿ ಕೇಳುವವರಾರು? ಮುಂದೆ ಟಿ.ವಿ.ಗೆ ಬಂದರು ನೋಡಿ, ಕ್ಯಾಮೆರಾ ಗೊಂಬೆಯ ಜೊತೆಗೆ ಯಜಮಾನರ ತುಟಿಯನ್ನೂ ಮನೆಮನೆಗೆ ತಲುಪಿಸಿತು.