ಮೇಜುಮೀಮಾಂಸೆ: ಸರ್ಕ್ಯೂಟ್ ಸಾಧಕರಿಗೊಂದು ಕಿರುಶಾಸ್ತ್ರ

ಸಿಂಹಾಸನದಿಂದ ಒರಳುಕಲ್ಲಿನವರೆಗೆ ಎಲ್ಲಕ್ಕೂ ಆಯ-ಅಳತೆ ಹೇಳಿದ ವಾಸ್ತುಕಾರರು, ಸೋಲ್ಡರಿಂಗ್ ಐರನ್ ಯಾವ ದಿಕ್ಕಿಗೆ ಮೂತಿ ಮಾಡಬೇಕೆಂಬ ವಿಷಯದಲ್ಲಿ ಮೌನ ತಾಳಿದ್ದಾರೆ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಐರನ್ ಸೇರಬೇಕಾದದ್ದು ಅಗ್ನಿಮೂಲೆಗೆ; ಇದರಲ್ಲಿ ವಿವಾದವಿಲ್ಲ. ಆದರೆ ಸಾಧಕನ ಬಲಗೈ ಬೇರೆ ದಿಕ್ಕಿಗಿದ್ದರೆ ಕಾದ ಐರನ್ನಿನ ವೈರು ಬೋರ್ಡಿನ ಮೇಲೆಯೇ ಎಳೆದಾಡುತ್ತದೆ. ಆದ್ದರಿಂದ ಬಲಗೈ ಇರುವ ಕಡೆಯೇ ಅಗ್ನಿಮೂಲೆ ಎಂದು ತೀರ್ಮಾನ. ಎಡಚರಿಗೆ ಪ್ರತ್ಯೇಕ ಪಂಚಾಂಗ. ಉಷ್ಣಾಂಶದ ಬಗ್ಗೆ ಎರಡು ಪಂಥಗಳಿವೆ: 183 ಡಿಗ್ರಿಗೆ ಕರಗುವ 63/37 ತವರ-ಸೀಸದವರು ಸನಾತನಿಗಳು, 217 ಡಿಗ್ರಿ ದಾಟದೆ ಕರಗದ ಸೀಸರಹಿತದವರು ಸುಧಾರಕರು. ಇಬ್ಬರೂ ಐರನ್ನನ್ನು 350ಕ್ಕೆ ಇಟ್ಟೇ ಜಗಳವಾಡುತ್ತಾರೆ. ಹೊಗೆಯಂತೂ ಯಾವ ಪಂಥವನ್ನೂ ಲೆಕ್ಕಿಸದೆ ನೇರ ಮೂಗಿಗೇ ಬರುತ್ತದೆ. ಇದು ಪೂರ್ವಜನ್ಮದ ಕರ್ಮವಲ್ಲ, ಬಿಸಿ ಗಾಳಿ ಮೇಲೇರುತ್ತದೆ, ನಮ್ಮ ತಲೆ ಅಲ್ಲೇ ಬಾಗಿರುತ್ತದೆ. ಎಳೆದುಕೊಳ್ಳುವ ಸಣ್ಣ ಫ್ಯಾನೊಂದು ಪಕ್ಕದಲ್ಲಿದ್ದರೆ ಶಾಂತಿಹೋಮ ಬೇಕಿಲ್ಲ.

ಇನ್ನು ಕಂಕಣಧಾರಣೆ. ಮೈಯ ಸ್ಥಾಯೀ ವಿದ್ಯುತ್ತು ಚಿಪ್ಪನ್ನು ಸುಡದಿರಲೆಂದು ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಳಗೆ ಒಂದು ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಸ್ಥಾಯೀ ವಿದ್ಯುತ್ತು ಅದರ ಮೂಲಕ ಭೂಮಿಗಿಳಿಯುತ್ತದೆ. ಅಕಸ್ಮಾತ್ 230 ವೋಲ್ಟ್ ತಗುಲಿದರೂ ಆ ದಾರಿಯಲ್ಲಿ ಕಾಲು ಮಿಲಿಆಂಪಿಗಿಂತ ಹೆಚ್ಚು ಹರಿಯದು. ಕೆಲವು ಭಾವುಕರು ಪಟ್ಟಿಯನ್ನು ಭಕ್ತಿಯಿಂದ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ಅರ್ತಿಂಗಿಗೆ ಸಿಕ್ಕಿಸದೆ ಕೂರುತ್ತಾರೆ. ಇದನ್ನು ನಿರ್ಗುಣೋಪಾಸನೆ ಎನ್ನಬಹುದು.

ಈಗ ಮೂಲಪ್ರಶ್ನೆ: ಮೇಜು ಎಷ್ಟು ದೊಡ್ಡದಿರಬೇಕು? ನಾಲ್ಕಡಿ ಸಾಲದು, ಎಂಟಡಿ ಬೇಕೆಂಬುದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಮೇಜು ಎಷ್ಟೇ ಉದ್ದವಿರಲಿ, ಖಾಲಿ ಜಾಗ ಒಂದು ಗೇಣು ಮಾತ್ರ. ಉಳಿದದ್ದನ್ನು ಆಸಿಲೋಸ್ಕೋಪು, ಪವರ್ ಸಪ್ಲೈ, ಆರಿದ ಕಾಫಿ ಮತ್ತು ಬೆಂಗಳೂರಿನ ಎಸ್.ಪಿ. ರೋಡು ಆಕ್ರಮಿಸುತ್ತವೆ. ಅಲ್ಲಿ 4.7 ಕಿಲೋಓಮಿನ ಒಂದೇ ಒಂದು ರೆಸಿಸ್ಟರ್ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಆ ನೋಟಕ್ಕೆ ನಾಚಿ ನೂರು ತರುತ್ತೇವೆ. ಹಳದಿ, ನೇರಳೆ, ಕೆಂಪು ಪಟ್ಟೆಯ ತೊಂಬತ್ತೊಂಬತ್ತು ಮಿಕ್ಕವು ‘ಇತರೆ’ ಎಂಬ ಚೀಟಿಯ ಡಬ್ಬಿ ಸೇರುತ್ತವೆ. ಮುಂದಿನ ಸಲ ಅದೇ ಬೇಕಾದಾಗ ಅಲ್ಲಿ ಹುಡುಕುವುದಕ್ಕಿಂತ ಮತ್ತೆ ನೂರು ತರುವುದೇ ಸಲೀಸು.

ಇದಕ್ಕೆ ಪ್ರಮಾಣವೇನು ಎಂಬವರಿಗೆ ಆಪ್ತಪ್ರಮಾಣ ಅಮೆರಿಕದಲ್ಲಿದೆ. ಅನಲಾಗ್ ಸರ್ಕ್ಯೂಟುಗಳ ಮಹಾಗುರು ಜಿಮ್ ವಿಲಿಯಮ್ಸ್ 2011ರಲ್ಲಿ ತೀರಿಕೊಂಡ ಮೇಲೆ, ವೈರು, ಪ್ರೋಬು, ಬಿಡಿಭಾಗಗಳ ಗುಡ್ಡೆ ಬಿದ್ದಿದ್ದ ಅವರ ಮೇಜನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಪ್ರದರ್ಶನಕ್ಕಿಟ್ಟಿತು. “ಇದನ್ನೆಲ್ಲ ಯಾವತ್ತು ತೆಗೀತೀರಿ?” ಎಂಬ ಗೃಹಪ್ರಶ್ನೆಗೆ ಸಾಧಕರು ಈ ಪ್ರಮಾಣವನ್ನು ಉಲ್ಲೇಖಿಸಬಹುದು. “ಹಾಗಾದ್ರೆ ಆ ಮ್ಯೂಸಿಯಮ್ಮಿನವರಿಗೇ ಫೋನ್ ಮಾಡ್ರಿ, ಬಂದು ಹೊತ್ಕೊಂಡು ಹೋಗ್ಲಿ” ಎಂಬ ಖಂಡನೆಗೆ ಮಾತ್ರ ಈ ಶಾಸ್ತ್ರದಲ್ಲಿ ಪರಿಹಾರವಿಲ್ಲ.

ಕೆಳಗೆ ಬಿದ್ದ 0603 ರೆಸಿಸ್ಟರಿನ ವಿಚಾರದಲ್ಲಿ ವಿಸ್ತರಿಸುವುದಿಲ್ಲ. ಅದರ ಉದ್ದ 1.6 ಮಿಲಿಮೀಟರ್. ಹೋದದ್ದು ಹೋಯಿತು.

ಶಾಸ್ತ್ರದ ಆಚೆಗೊಂದು ಮಾತು: ಸೀಸದ ಸೋಲ್ಡರ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ದಯವಿಟ್ಟು ಚಕ್ಕುಲಿ ಡಬ್ಬಿಗೆ ಹಾಕಬೇಡಿ.